ಮಂಗಳವಾರದವಳ ಸಾಕ್ಷಿ

ಹಿಟ್ಟು ಇವತ್ತು ಬೆರಳು ಬಿಡುತ್ತಿಲ್ಲ, ನೀರು ಹೆಚ್ಚಾಯಿತೋ ಹುಳಿ ಸಾಲದೋ, ಮೂರು ದಿನ ಹುದುಗಿದ ಮೆಕ್ಕೆಜೋಳ ಹೀಗೆಲ್ಲ ಮುನಿಸಿಕೊಳ್ಳುವುದಿಲ್ಲ, ಮುನಿಸು ಹಿಟ್ಟಿನದಲ್ಲ ಬಿಡು, ಕೈಯದು, ಮೂವತ್ತೆಂಟು ವರ್ಷದಿಂದ ಉಂಡೆ ಕಟ್ಟಿ ಒಣ ಬಾಳೆಯೆಲೆಯಲ್ಲಿ ಸುತ್ತಿ ಹಂಡೆಗೆ ಜೋಡಿಸುತ್ತ ಬಂದ ಕೈ, ಕಣ್ಣು ಕಟ್ಟಿದರೂ ಕೆಂಕೆ ಮಡಚಬಲ್ಲ ಕೈ, ಇವತ್ತು ಎರಡನೇ ಮಡಿಕೆಗೇ ನಿಂತುಬಿಡುತ್ತದೆ, ನಿಂತು ಎದೆಯ ಕಡೆ ಹೋಗಿ ರವಿಕೆಯೊಳಗಿನ ಲಕೋಟೆಯನ್ನು ಮುಟ್ಟಿ ನೋಡುತ್ತದೆ, ಇದೆ, ಎಲ್ಲಿಗೆ ಹೋಗುತ್ತದೆ, ಎರಡೂವರೆ ತಿಂಗಳು ವಿಳಾಸ ಹೊತ್ತು ಬೈಬಲ್ಲಿನ ಹಾಳೆಗಳ ನಡುವೆ ಖಾಲಿ ಮಲಗಿದ್ದ ಲಕೋಟೆಗೆ ಈಗ ಕಾಲು ಬರುತ್ತದೆಯೇ, ಅರಾಬಾ ಮೆನ್ಸಿಮಾ ತನಗೆ ತಾನೇ ಬೈದುಕೊಂಡಳು, ಹಿಟ್ಟಿನ ಕೈಯಲ್ಲಿ ಮುಟ್ಟಬೇಡವೇ ಮುದುಕಿ, ವಿಳಾಸ ಅಳಿಸಿಹೋದರೆ ಇನ್ನೆರಡು ತಿಂಗಳಿಗೆ ನೆಪ ಸಿಕ್ಕಿತು ಅಂತಲೋ — ಎಂಟು ಗಂಟೆಗೆ ಕೂಡುರಸ್ತೆಯಲ್ಲಿ ಫೀಫಿಯ ತಾಕೊರಾಡಿ ಬಸ್ಸು, ಇನ್ನು ಹದಿನಾರು ಉಂಡೆ, ಒಲೆಯ ಹೊಗೆ ಕಣ್ಣಿಗೆ ಬರುತ್ತಿದೆ, ಪಕ್ಕದ ಮನೆಯ ಹುಂಜ ಮತ್ತೆ ಕೂಗಿತು, ಬೆಳಗಿನಿಂದ ಎಷ್ಟನೇ ಸಲವೋ, ಯೇಸುವನ್ನೇ ಗೊತ್ತಿಲ್ಲವೆಂದು ಸುಳ್ಳು ಹೇಳಿದ ಪೇತ್ರನಿಗಾದರೆ ಎರಡೇ ಸಲ ಕೂಗಿದ್ದಂತೆ, ಈ ಹಾಳು ಹುಂಜ ಎರಡೂವರೆ ತಿಂಗಳಿಂದ ಗಂಟಲು ಹರಿದುಕೊಳ್ಳುತ್ತಿದೆ, ಕೇಳಿದ ಮೇಲೆ ಪೇತ್ರ ಅತ್ತನಂತೆ, ತಾನು ಹುಂಜಕ್ಕೇ ಕಲ್ಲು ಎಸೆದಳು.

ನಿನ್ನೆ ಸಂಜೆ ಗೆಳತಿ ಎಕುವಾಳ ಮಗಳು ತಾಕೊರಾಡಿಯಿಂದ ಫೋನು ಮಾಡಿದ್ದಳು, ದೊಡ್ಡಮ್ಮಾ, ಅಮ್ಮ ಒಲೆ ಮುಂದೆ ಹಾಗೇ ಕುಸಿದು ಕೂತ್ಬಿಟ್ಲು, ಸಾರಿನ ಪಾತ್ರೆ ಕೈ ಜಾರ್ತು, ತಲೆಸುತ್ತು ಅಂತಾಳೆ, ಆಸ್ಪತ್ರೆಗೆ ನಡಿ ಅಂದ್ರೆ ಅರಾಬಾ ಹೋದ್ಲಾ ಅಂತ ಕೇಳ್ತಾಳೆ — ಹಿಂದಿನಿಂದ ಎಕುವಾಳ ದನಿ, ಆ ಮನೆಯಲ್ಲಿ ಫೋನು ಬಂದರೂ ಮಾಡಿದರೂ ಸ್ಪೀಕರಿಗೆ ಹಾಕಿ ಎಲ್ಲರ ನಡುವೆ ಇಟ್ಟುಬಿಡುತ್ತಾರೆ, ಅಳಿಯ, ಅಳಿಯನ ತಾಯಿ, ಬಾಣಂತಿ ನೋಡಲು ಬಂದವರು, ಎಲ್ಲರಿಗೂ ಕೇಳಬೇಕು, ಅವಳಿಗೆ ಹೇಳೇ, ಬುಧವಾರದವಳು ಸೋಲಲ್ಲ ಅಂತ ಹೇಳೇ! ಎಲ್ಲರೂ ನಕ್ಕರು, ಅರಾಬಾ ಬಾಯಿ ತೆರೆದಳು, ಮಾತ್ರೆ ತಗೊಳ್ಳೇ ಕತ್ತೆ ಎನ್ನಬೇಕೆಂದು ತೆರೆದ ಬಾಯಿ ಹಲ್ಲೆಲೂಯಾ ಎಂದಿತು, ದೇವರ ಮೇಲಾಣೆ, ಇದು ನಾಲ್ಕನೇ ಸಲ, ಪ್ರತಿ ಸಲವೂ ಈ ಬಾಯಿ ಹೀಗೇ ಮಾಡುತ್ತದೆ, ನಲವತ್ತು ವರ್ಷ ಚರ್ಚಿನ ಸಭೆಯಲ್ಲಿ ಪಳಗಿದ ಬಾಯಿ, ಇದಕ್ಕೆ ಎರಡೇ ದಾರಿ ಗೊತ್ತು, ಹಲ್ಲೆಲೂಯಾ, ಇಲ್ಲವೇ ಆಮೆನ್, ಅದಕ್ಕೇ ಕಾಗದ, ಕೈ ಸುಳ್ಳು ಹೇಳುವುದಿಲ್ಲ, ಅದರಲ್ಲೂ ಎಕುವಾ ಬಾಯಿಮಾತು ನಂಬುವವಳಲ್ಲ, ರಾತ್ರಿಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ನಲವತ್ತೆರಡನೇ ವಯಸ್ಸಿಗೆ ಅಕ್ಷರ ಕಲಿತಾಗ ಅವಳೇ ಅಂದಿದ್ದಳಲ್ಲ, ಬರೆದದ್ದು ಬರೆದದ್ದೇ ಕಣೇ, ಮಾತಾದ್ರೆ ಮೀನಿನ ಹಾಗೆ, ಸಂಜೆಗೆ ನಾರುತ್ತೆ — ಆ ಎಕುವಾಳ ರಕ್ತದೊತ್ತಡ ಈಗ ಏರಿ ಕೂತಿದೆ, ಯಾರ ಮಾತು ಕೇಳಿ, ಅರಾಬಾಳ ಬಾಯಿಮಾತು ಕೇಳಿ.

ಎಲ್ಲಕ್ಕೂ ಕಾರಣ ಆ ಭಾನುವಾರದ ಕಾಣಿಕೆ, ಹುಟ್ಟಿದ ವಾರದ ಪ್ರಕಾರ ಏಳು ಪೆಟ್ಟಿಗೆ ಸಾಲಾಗಿ ಇಟ್ಟು ಜನ ಕುಣಿಯುತ್ತ ಹೋಗಿ ಹಾಕಬೇಕು, ಕೊನೆಗೆ ಯಾವ ವಾರದವರು ಗೆದ್ದರು ಯಾವ ವಾರದವರು ಸೋತರು ಎಂದು ಧ್ವನಿವರ್ಧಕದಲ್ಲಿ ಕೂಗುತ್ತಾರೆ, ದೇವರಿಗೆ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ತಿಳಿಯದಿರಲಿ, ಬುಧವಾರದವರಿಗೆ ಮಾತ್ರ ತಿಳಿಯಲೇಬೇಕು, ಏಳು ಭಾನುವಾರ ಒಂದೇ ಸಮನೆ ಮಂಗಳವಾರದವರು ಕಟ್ಟಕಡೆಗೆ, ಏನು ಮಂಗಳವಾರದವರೇ, ನಿದ್ದೆಯೋ ಎಂದರು ಪಾದ್ರಿಗಳು, ಸಭೆಯೆಲ್ಲ ನಗು, ಬುಧವಾರ ಹುಟ್ಟಿದ ಎಕುವಾ ಬಿಳಿ ಕರವಸ್ತ್ರ ಬೀಸುತ್ತ ಕುಣಿಯುತ್ತ ಬಂದು ಅರಾಬಾಳ ಮೂಗಿನ ಕೆಳಗೇ ಎರಡು ಸುತ್ತು ಹಾಕಿ ಹೋದಳು, ಆ ಸೊಂಟ, ಅರವತ್ತಾರು ವರ್ಷದ ಆ ಸೊಂಟಕ್ಕೆ ಅಷ್ಟು ಸೊಕ್ಕೆಲ್ಲಿಂದ ಬಂತು — ಆಮೇಲೆ ಸಾಕ್ಷಿ ಹೇಳುವ ಹೊತ್ತು, ಯಾರಿಗೆ ದೇವರು ಏನು ಮಾಡಿದ್ದಾನೋ ಎದ್ದು ಹೇಳಿ, ಅರಾಬಾ ಎದ್ದಳು, ಹೇಳುವುದೇನೋ ನಿಜವಾಗಿಯೂ ಇತ್ತು, ಗಂಡ ಕೊಜೊ ತೀರಿಹೋದ ಮೇಲೆ ಎಂಟು ತಿಂಗಳು ಕಣ್ಣಿಗೆ ನಿದ್ದೆಯಿಲ್ಲ, ಎದೆಯ ಮೇಲೆ ಬೀಸುಕಲ್ಲು, ಹುಳಿಯೇ ಬಾರದ ಹಿಟ್ಟನ್ನು ಸುತ್ತಿ ಮಾರಿದಳು, ಜನ ನಾಯಿಗೆ ಹಾಕಿದರು, ನಾಯಿ ಮೂಸಿ ಆಚೆ ಹೋಯಿತು, ಈಗ ನಿದ್ದೆ ಬರುತ್ತಿದೆ, ದೇವರು ನಿದ್ದೆ ಕೊಟ್ಟ, ಇಲ್ಲಿಗೆ ನಿಲ್ಲಿಸಿ ಕೂತಿದ್ದರೆ ಅದು ಅಪ್ಪಟ ಸತ್ಯ, ಕೂರುವವಳೇ ಇದ್ದಳು, ಮಂಗಳವಾರದವರ ಬೆಂಚಿನಿಂದ ಯಾರೋ ಹೇಳಮ್ಮಾ ಹೇಳು ಎಂದು ಕೂಗಿದರು, ತಮಟೆಯವನು ಒಂದು ಪೆಟ್ಟು ಕೊಟ್ಟ, ಚಿಕಿತ್ಸಾಲಯದ ಮಾತ್ರೆಯನ್ನೆಲ್ಲ ಸಮುದ್ರಕ್ಕೆ ಎಸೆದೆ! ಎಂದುಬಿಟ್ಟಿತು ಬಾಯಿ, ಎಲ್ಲಿಂದ ಬಂತೋ ಆ ಸಮುದ್ರ, ಸಭೆ ಎದ್ದು ನಿಂತಿತು, ಮಂಗಳವಾರದವರು ಸೆರಗಿನ ಗಂಟು ಬಿಚ್ಚಿ ಪೆಟ್ಟಿಗೆಗೆ ನುಗ್ಗಿದರು, ಒಬ್ಬ ಹತ್ತು ಸೆಡಿಯ ನೋಟು ಹಾಕಿ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತ, ಅಂದು ಮಂಗಳವಾರ ಗೆದ್ದಿತು, ಮಾತ್ರೆ ಮನೆಯಲ್ಲಿ ಕೋಕೋ ಡಬ್ಬಿಯ ತಳದಲ್ಲಿ ತಣ್ಣಗೆ ಕೂತಿತ್ತು, ಆ ರಾತ್ರಿಯೂ ಒಂದು ನುಂಗಿ ಮಲಗಿದಳು, ನಿದ್ದೆ ಬರಲಿಲ್ಲ.

ಹದಿಮೂರನೇ ಉಂಡೆ, ಎಲೆ ಸೀಳಿತು, ಬೇರೆ ಎಲೆ — ಪಾದ್ರಿಗಳದೇನೂ ತಪ್ಪಿಲ್ಲ, ಒಳ್ಳೆಯ ಮನುಷ್ಯ, ಕೊಜೊ ಹೋದಾಗ ಬಂದು ಒಂದು ಗಂಟೆ ಪಕ್ಕದಲ್ಲಿ ಕೂತಿದ್ದರು, ನಾಯಿ ಮೂಸಿ ಬಿಟ್ಟ ಕೆಂಕೆಯನ್ನು ಮುಖ ಕಿವುಚದೆ ಪೂರ್ತಿ ತಿಂದು ಇನ್ನೊಂದು ಕೇಳಿದರು, ಅವರು ತಲೆಯ ಮೇಲೆ ಕೈಯಿಟ್ಟಾಗ ಬೀಸುಕಲ್ಲು ಸ್ವಲ್ಪ ಜರುಗಿದ್ದು ಸುಳ್ಳಲ್ಲ, ಆದರೆ ಅವರು ಕುರುಡನಿಗೆ ಕಣ್ಣು ಬಂದ ಅಧ್ಯಾಯ ಓದುವ ಮುನ್ನ ಜೇಬು ಜೇಬು ತಡಕುವುದು ಕನ್ನಡಕಕ್ಕೆ, ಕನ್ನಡಕವಿಲ್ಲದಿದ್ದರೆ ಆ ಕುರುಡನ ಗತಿ ಏನಾಯಿತೆಂದು ಸಭೆಗೆ ತಿಳಿಯುವುದೇ ಇಲ್ಲ, ಇದನ್ನು ಸಿಸ್ಟರ್ ಬರ್ನಿಸ್‌ಗೆ ಹೇಳಿದಾಗ ಅವಳು ಸೂಜಿ ಕೆಳಗಿಟ್ಟು ನಕ್ಕಿದ್ದಳು, ಬರ್ನಿಸ್ ಚಿಕಿತ್ಸಾಲಯದ ದಾದಿ, ಭಾನುವಾರ ಸಭೆಯ ಗಾಯನದಲ್ಲಿ ಎಲ್ಲರಿಗಿಂತ ಎತ್ತರದ ದನಿ, ಮೊದಲ ಸಲ ಹೋದಾಗ ಅವಳೇ ಅಂದದ್ದು, ಕಾಲು ಮುರಿದ್ರೆ ಪಟ್ಟಿ ಕಟ್ಟಿಸ್ಕೋತೀರಲ್ವೇನಮ್ಮಾ, ಮನಸ್ಸಿಗೇನು ಪಾಪ ಮಾಡಿದೆ, ಸಾಕ್ಷಿ ಹೇಳಿದ ಆ ವಾರ ಹೋದಾಗ ಮುಖ ಎತ್ತದೆ ಚೀಟಿ ಬರೆಯುತ್ತ ಕೇಳಿದಳು, ಸಮುದ್ರಕ್ಕೆ ಹಾಕಿದ್ದು ಮುಗೀತೇನಮ್ಮಾ, ಇನ್ನೊಂದು ತಿಂಗಳಿಗೆ ಬರೀಲಾ — ಭೂಮಿ ಬಾಯಿ ಬಿಡಲಿಲ್ಲ, ಬರಿ ತಾಯಿ ಎಂದಳು ಅರಾಬಾ.

ಆದರೆ ಆ ಮಂಗಳವಾರ, ಸಾಕ್ಷಿಯಾಗಿ ಎರಡೇ ದಿನಕ್ಕೆ ಬಂದ ಮಂಗಳವಾರ, ಸಮುದ್ರಕ್ಕೆ ರಜೆಯ ದಿನ, ನಮ್ಮ ಕಡೆ ಮಂಗಳವಾರ ಯಾರೂ ದೋಣಿ ಇಳಿಸುವುದಿಲ್ಲ, ದಡ ಖಾಲಿ, ಬಲೆಗಳು ಒಣಗುತ್ತಿವೆ, ಎಕುವಾ ಮನೆಗೇ ಬಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾಳೆ, ಬಾರೇ, ನೀನೊಬ್ಳೇನಾ ವಿಶ್ವಾಸ ಇರೋಳು, ಮಂಗಳವಾರದವಳ ದೇವರು ಬುಧವಾರದವಳಿಗೆ ಮಲತಂದೆಯೇನು, ಸೆರಗಿನಿಂದ ಹಳದಿ ಮುಚ್ಚಳದ ಪುಟ್ಟ ಡಬ್ಬಿ ತೆಗೆದಳು, ಒತ್ತಡದ ಮಾತ್ರೆ, ತಿರುಗಿಸಿ ಎಸೆದಳು, ಬೀಳುವ ಸದ್ದೂ ಕೇಳಲಿಲ್ಲ, ಅಲೆ ಬಂತು, ಡಬ್ಬಿ ತೇಲುತ್ತ ಕುಣಿಯುತ್ತ ಬಂದು ಅವಳ ಕಾಲ ಬೆರಳಿಗೆ ತಾಗಿ ನಿಂತಿತು, ಥೂ ಎಂದು ಮತ್ತೆ ಎಸೆದಳು, ಮತ್ತೆ ಬಂತು, ಮೂರನೇ ಸಲ ಓಡಿ ಬಂದು ಕವಣೆಯವರ ಹಾಗೆ ಬೀಸಿದಳು, ಯೇಸುವಿನ ಹೆಸರಲ್ಲಿ ಹೋಗು! ಸೊಂಟ ಹಿಡಿದುಕೊಂಡು, ಅಯ್ಯೋ ಎಂದು, ತಿರುಗಿ ನೋಡದೆ ದಡ ಹತ್ತಿ ಹೋದಳು, ಹಳದಿ ಮುಚ್ಚಳ ಅಲೆಯ ಮೇಲೆ ಒಮ್ಮೆ ಮುಳುಗಿ ಒಮ್ಮೆ ಎದ್ದು ನಿಧಾನವಾಗಿ ಮೂರನೇ ಸಲವೂ ಬಂತು, ಈ ಸಲ ಅರಾಬಾಳ ಕಾಲಿಗೆ, ಮುಚ್ಚಳ ಎಷ್ಟು ಬಿಗಿ ಅಂದರೆ ಒಳಗೆ ಒಂದು ಹನಿ ನೀರಿಲ್ಲ, ಎಸೆಯುವವಳು ಯಾರಾದರೂ ಮುಚ್ಚಳ ಬಿಗಿ ಮಾಡಿ ಎಸೆಯುತ್ತಾಳೆಯೇ, ಒಂದು ಕಾಳು ಜೋಳ ಬಿದ್ದರೂ ಆರಿಸಿಕೊಳ್ಳುವ ಎಕುವಾ, ಆಗ ಬಾಯಿ ತೆರೆಯಬೇಕಿತ್ತು, ಏ ಎಕುವಾ, ನಾನು ಎಸೆದೇ ಇಲ್ಲ ಕಣೇ ಎಂದು ಒಂದು ಮಾತು ಕೂಗಬೇಕಿತ್ತು, ಅವಳು ಹತ್ತು ಮಾರು ದೂರದಲ್ಲಿದ್ದಳು, ಗಾಳಿಯೂ ಅತ್ತ ಕಡೆಯೇ ಬೀಸುತ್ತಿತ್ತು, ಅರಾಬಾ ಡಬ್ಬಿ ಎತ್ತಿ ಸೆರಗಿಗೆ ಕಟ್ಟಿಕೊಂಡಳು, ಆ ಶನಿವಾರ ಎಕುವಾ ಮಗಳ ಬಾಣಂತನಕ್ಕೆ ತಾಕೊರಾಡಿಗೆ ಹೋದಳು.

ಕಾಗದಕ್ಕೆ ಅಡ್ಡ ಬಂದದ್ದು ಒಂದೇ ಸಾಲು, ರಾತ್ರಿಶಾಲೆಯ ಮೇಷ್ಟ್ರು ಕಲಿಸಿದ್ದು, ಯಾವ ಪತ್ರವೇ ಆಗಲಿ ಮೊದಲು ದೇವರ ದಯೆಯಿಂದ ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬುತ್ತೇನೆ ಎಂದು ಬರೆಯಬೇಕು, ಅದಿಲ್ಲದಿದ್ದರೆ ಅದು ಪತ್ರವಲ್ಲ, ಹರಿದ ಹಾಳೆ, ಹನ್ನೊಂದು ಸಲ ಬರೆದಳು, ಹನ್ನೊಂದು ಸಲವೂ ಅಲ್ಲಿಗೇ ನಿಂತಳು, ನೀನು ಕ್ಷೇಮವೆಂದು ನಂಬುತ್ತೇನೆ ಎಂದು ಬರೆಯುವುದು ಹೇಗೆ, ಕ್ಷೇಮವಾಗಿರದ ಹಾಗೆ ಮಾಡಿದವಳೇ ತಾನು, ನಿನ್ನೆ ಫೋನು ಬಂದ ಮೇಲೆ, ಮೇಷ್ಟ್ರು ಸ್ವರ್ಗದಿಂದ ನೋಡುತ್ತಿದ್ದರೆ ನೋಡಲಿ ಎಂದು ಬೇರೆ ಥರ ಬರೆದಳು, ದೇವರ ದಯೆಯಿಂದ ಮತ್ತು ಮಾತ್ರೆಯಿಂದ ನಾನು ಕ್ಷೇಮ, ನೀನು ಕ್ಷೇಮವಾಗಿಲ್ಲ, ಕಾರಣ ನಾನು, ಸಮುದ್ರಕ್ಕೆ ಏನೂ ಎಸೆದಿಲ್ಲ, ನಿನ್ನ ಕರವಸ್ತ್ರ ನೋಡಿ ಹೊಟ್ಟೆ ಉರಿದು ಹೇಳಿದೆ, ನಿನ್ನ ಡಬ್ಬಿ ಇದರ ಜೊತೆ ಇದೆ, ಸುಮ್ಮನೆ ನುಂಗಬೇಡ, ಇವತ್ತೇ ಅಲ್ಲಿಯ ಆಸ್ಪತ್ರೆಗೆ ಹೋಗಿ ತೋರಿಸು, ನೀನು ಸತ್ತರೆ ನಾನು ಯಾರ ಮೇಲೆ ಗೆಲ್ಲಲಿ — ಕೊನೆಯ ಉಂಡೆ, ಹಂಡೆಗೆ ಮುಚ್ಚಳ, ಉಳಿದ ಹಿಟ್ಟಿನ ಚೂರಿನಿಂದ ಲಕೋಟೆಯ ಬಾಯಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು, ಹುಳಿ ವಾಸನೆ, ಎಕುವಾಗೆ ವಿಳಾಸ ಓದುವ ಮೊದಲೇ ಯಾರದ್ದೆಂದು ಗೊತ್ತಾಗುತ್ತದೆ.

ಕೂಡುರಸ್ತೆ, ಬಿಸಿಲು, ಫೀಫಿಯ ಬಸ್ಸು, ಹಿಂಬದಿಯಲ್ಲಿ ಅವಸರವೇಕೆ, ಸ್ವರ್ಗ ಓಡಿಹೋಗದು ಎಂದು ಬರೆಸಿದ್ದಾನೆ, ಓಡಿಸುವುದು ಮಾತ್ರ ಸ್ವರ್ಗ ಓಡಿಹೋಗುತ್ತಿದೆ ಎಂಬಂತೆ, ಜನ ತುಂಬಿದ್ದಾರೆ, ಫೀಫಿ ಎಲ್ಲರನ್ನೂ ಕಣ್ಣು ಮುಚ್ಚಿಸಿ ಪ್ರಯಾಣದ ಪ್ರಾರ್ಥನೆ ಮುಗಿಸಿ, ಆಮೆನ್ ಎಂದವನೇ ಇಳಿದು ಚಕ್ರದ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದಾನೆ, ಯಾರಿಗೂ ಅದು ವಿಚಿತ್ರವಾಗಿ ಕಾಣುವುದಿಲ್ಲ, ಅರಾಬಾಗೆ ಇವತ್ತು ಕಾಣುತ್ತದೆ, ಕಾಗದ, ಡಬ್ಬಿ, ನಿನ್ನೆಯ ನಾಲ್ಕು ಕೆಂಕೆ ಕೊಟ್ಟಳು, ಕೆಂಕೆ ನಿನಗಪ್ಪಾ, ಉಳಿದದ್ದು ಎಕುವಾಗೆ, ಮಾರ್ಕೆಟ್ ಹಿಂದಿನ ಮನೆ, ಫೀಫಿ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ಗಲಗಲ, ಇದೇನಮ್ಮಾ, ಮಾತ್ರೆ ಸದ್ದು! ನೀವು ಸಮುದ್ರಕ್ಕೆ ಎಸೆದೋರಲ್ವಾ, ನಾನೂ ಅವತ್ತು ನಿಮ್ಮ ಮಾತಿಗೆ ಹತ್ತು ಸೆಡಿ ಹಾಕ್ದೆ, ಚಿಲ್ಲರೆನೂ ಬಿಟ್ಟೆ — ಬಸ್ಸಿನ ಕಿಟಕಿಗಳೆಲ್ಲ ತಿರುಗಿದವು, ಬಾಯಿ ಹಲ್ಲೆಲೂಯಾಕ್ಕೆ ಸಿದ್ಧವಾಯಿತು, ನಾಲಿಗೆ ಮೇಲಕ್ಕೆ ಹೋಯಿತು, ಅರಾಬಾ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಎಸೀಲಿಲ್ಲಪ್ಪ, ಇದು ಎಕುವಾದು, ನನ್ನದು ಮನೇಲಿದೆ, ದಿನಾ ನುಂಗ್ತೀನಿ, ಪ್ರಾರ್ಥನೆ ಮಾಡಿ ನುಂಗ್ತೀನಿ, ಸುಳ್ಳು ಹೇಳಿದ್ದೆ — ಎರಡನೇ ಸೀಟಿನಿಂದ ಬುಧವಾರದವರ ಗುಂಪಿನ ದಪ್ಪ ಹೆಂಗಸೊಬ್ಬಳು ಕತ್ತು ಹೊರಗೆ ಹಾಕಿ ಪಿಸುದನಿಯಲ್ಲಿ, ಪಿಸುದನಿಯೆಂದು ಅವಳು ತಿಳಿದುಕೊಂಡ ದನಿಯಲ್ಲಿ ಕೇಳಿದಳು, ನಿಮ್ಮ ಮಾತ್ರೆ ಬಿಳೀದಾ ಅರಾಬಕ್ಕ, ನಂದು ಗುಲಾಬಿ — ಹಿಂದಿನ ಸೀಟಿನಿಂದ ಒಬ್ಬ, ನಂದು ಅರ್ಧ ಕೆಂಪು ಅರ್ಧ ಬಿಳಿ ಎಂದ, ಫೀಫಿ ತಲೆ ಕೆರೆದುಕೊಂಡ, ಹಾಗಾದ್ರೆ ನನ್ನ ಚಿಲ್ಲರೆ? ದೇವರನ್ನ ಕೇಳ್ಕೊಳ್ಳಪ್ಪಾ ಎಂದಳು ಅರಾಬಾ, ಹೊರಡು, ಹೊರಡು, ಅವಳು ಒಲೆ ಮುಂದೆ ಇದಾಳೆ — ಅವನು ಲಕೋಟೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ಡಬ್ಬಿಯನ್ನು ಗಾಜಿನ ಮುಂದೆ ಇಟ್ಟ, ಬಸ್ಸು ಜಿಗಿದು ಹೊರಟಿತು, ಪ್ರತಿ ಹಳ್ಳಕ್ಕೂ ಹಳದಿ ಮುಚ್ಚಳ ಗಾಜಿನ ಹಿಂದೆ ಮುಳುಗಿತು, ಎದ್ದಿತು, ಮುಳುಗಿತು, ತಿರುವು ದಾಟುವವರೆಗೆ ಕಂಡಿತು, ಕೈಯಲ್ಲಿ ಹಿಟ್ಟು ಒಣಗಿ ಬಿರಿಯುತ್ತಿದೆ, ಇನ್ನು ಎರಡೂವರೆ ಗಂಟೆ, ಅವಳು ಓದುತ್ತಾಳೆ, ಬೈಯುತ್ತಾಳೆ, ಬೈದುಕೊಂಡೇ ಹೋಗಬೇಕು ಆಸ್ಪತ್ರೆಗೆ, ಹೋಗುತ್ತಾಳೆಯೇ, ಇನ್ನೊಂದು ಸಲ ಎಸೆದುಬಿಟ್ಟರೆ, ತಾಕೊರಾಡಿಯಲ್ಲೂ ಸಮುದ್ರ ಇದೆ, ಇದ್ದರೆ ಇರಲಿ, ಅಲೆಯೂ ಇದೆ — ಹಳದಿ ಮುಚ್ಚಳ, ತೇಲುತ್ತ ಕುಣಿಯುತ್ತ ಬಂದು, ಕಾಲ ಬೆರಳಿಗೆ ತಾಗಿ ನಿಂತ ಹಳದಿ ಮುಚ್ಚಳ.