ಕಿವುಡಜ್ಜಿಯ ಕೋಣೆ

"ಮೆಲ್ಲಗೆ, ಮೆಲ್ಲಗೆ! ವೈರು ಸಿಕ್ಕಿಕೊಂಡಿದೆ," ಎಂದು ಸೊಸೆ ಕೂಗಿದ್ದೇ ಮೇಜು ಹೊತ್ತಿದ್ದ ಇಬ್ಬರೂ ಇದ್ದಲ್ಲೇ ನಿಂತುಬಿಟ್ಟರು. ಮೇಜಿನ ಮೇಲೆ ಡಾಕ್ಟರ ಪರದೆ, ಬಿಪಿ ನೋಡುವ ಪಟ್ಟಿ, ಎದೆಬಡಿತ ಕೇಳಿಸುವ ಬಿಲ್ಲೆ. ಅದನ್ನು ಸರಿಸದೆ, ತೀರಿಕೊಂಡ ಅತ್ತೆಯನ್ನು ಮಲಗಿಸಲು ಜಾಗವಿರಲಿಲ್ಲ. ಮನೆಯಲ್ಲಿ ದೊಡ್ಡ ಕೋಣೆ ಎಂದರೆ ಅದೊಂದೇ, ಊರಿನಲ್ಲಿ ನೆಟ್‌ವರ್ಕ್ ನೆಟ್ಟಗೆ ಸಿಗುತ್ತಿದ್ದದ್ದೂ ಅಲ್ಲಿ ಮಾತ್ರ.

"ಮೂಲೆಗಿಡಿ, ಸಾಕು. ಆಫ್ ಮಾಡ್ಬೇಡಿ, ಡಾಕ್ಟ್ರು ಅಮ್ಮನ ಮುಖ ನೋಡ್ಬೇಕಂತೆ," ಎಂದ ಮಗ.

ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆ, ಹೋಗಿಬರಲು ಒಂದಿಡೀ ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಡಾಕ್ಟರೇ ಪರದೆಯ ಮೇಲೆ ಬರುತ್ತಿದ್ದರು. ಸೊಂಟದಿಂದ ಮೇಲಷ್ಟೇ ಕಾಣುವ ಅವರನ್ನು ಊರು ಪ್ರೀತಿಯಿಂದ 'ಅರ್ಧ ಡಾಕ್ಟ್ರಮ್ಮ' ಎನ್ನುತ್ತಿತ್ತು. ರೋಗಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಪಟ್ಟಿ ಕಟ್ಟುವುದು, ಬಿಲ್ಲೆ ಒತ್ತುವುದು ಅತ್ತೆಯ ಕೆಲಸ. ಅವಳು ಕಿವುಡಿ. ಡಾಕ್ಟರು ತೋಳು ಮುಟ್ಟಿಕೊಂಡರೆ ಪಟ್ಟಿ, ಎದೆ ಮುಟ್ಟಿಕೊಂಡರೆ ಬಿಲ್ಲೆ. ಸನ್ನೆಯಲ್ಲೇ ಎಲ್ಲ ನಡೆಯುತ್ತಿತ್ತು.

ಇಂದು ಡಾಕ್ಟರು ಬರುವ ದಿನವೇ. ಕೋಣೆಯ ಬಾಗಿಲ ಪಕ್ಕ ರೋಗಿಗಳು ಕಾಯುವ ಬೆಂಚಿನ ಮೇಲೆ ಸಾವಿಗೆ ಬಂದವರು ಕೂತಿದ್ದರು.

"ನನ್ನ ಪ್ರಾಣ ಉಳಿಸಿದ್ದು ಈಯಮ್ಮ," ಎಂದು ಹಾಲಿನವನು ಕಣ್ಣೊರೆಸಿಕೊಂಡ. "ಎದೆ ಹಿಡ್ಕೊಂಡು ಇಲ್ಲೇ ಬಿದ್ದಿದ್ದೆ. ಕಿವಿ ಕೇಳ್ದಿದ್ರೂ ಎಷ್ಟು ಚುರುಕು ಅಂತೀರಿ!"

"ಕಿವಿ ಕೇಳ್ತಿರಲಿಲ್ಲ ಅಂತಾನೇ ಕಣಯ್ಯಾ ನಾವು ಬಾಯಿ ಬಿಟ್ಟಿದ್ದು," ಎಂದಳು ಟೈಲರಮ್ಮ. "ಇನ್ಮೇಲೆ ಯಾರ ಮುಂದೆ ಹೇಳ್ಕೊಳ್ಳೋದು?"

"ಸೊಸೆ ಕೂತ್ಕೋತಾಳಲ್ಲ," ಎಂದಳು ಪಕ್ಕದ ಮನೆಯಾಕೆ. ಊರಿನ ಸುದ್ದಿಯನ್ನೆಲ್ಲ ಬೆಳಿಗ್ಗೆ ಸಂಜೆ ಬಿತ್ತರಿಸುವ ಅವಳಿಗೆ ರೇಡಿಯೋ ಅಂತಲೇ ಹೆಸರು.

ಟೈಲರಮ್ಮ ದನಿ ತಗ್ಗಿಸಿದಳು. "ಸೊಸೆಗೆ ಕಿವೀನೂ ಇದೆ, ಬಾಯೀನೂ ಇದೆ."

ಆ ಮಾತು ಸೊಸೆಯ ಕಿವಿಗೆ ಬಿತ್ತು, ನೆಟ್ಟಗೆ ಹೋಗಿ ಎದೆಗೂ ನಾಟಿತು. ಜನ ಬರದಿದ್ದರೆ ಮೆಷಿನ್ನನ್ನು ಬೇರೆ ಊರಿಗೆ ಒಯ್ಯುತ್ತೇವೆ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಅತ್ತೆಯ ಜೊತೆ ಈ ಕೋಣೆಯೂ ಹೋಗುತ್ತದೆಯೇ ಎಂದು ಅವಳಿಗೆ ದಿಗಿಲಾಯಿತು. ಅಂಗಳದ ಗೋಡೆಗೊರಗಿ ಗಾರೆ ಕೆಲಸದವನ ಹೆಂಡತಿ ನಿಂತಿದ್ದಳು. ಸಾವಿನ ಸುದ್ದಿ ತಿಳಿಯದೆ ಎಷ್ಟೋ ದೂರದಿಂದ ನಡೆದು ಬಂದಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

"ಇವತ್ತು ಆಗಲ್ಲಮ್ಮ," ಎಂದು ಸೊಸೆ ಹೇಳಿಯಾಗಿತ್ತು. ಆದರೂ ಅವಳು ಹೋಗಿರಲಿಲ್ಲ.

* * *

ಮೆಷಿನ್ ಬಂದ ಹೊಸದರಲ್ಲಿ ಈ ಕೋಣೆಗೆ ಒಂದು ನರಪಿಳ್ಳೆಯೂ ಕಾಲಿಡಲಿಲ್ಲ. ಗೋಡೆಗೂ ಕಿವಿಯಿರುವ ಊರು. ಇಲ್ಲಿ ಮೂಲವ್ಯಾಧಿ ಎಂದು ಪಿಸುಗುಟ್ಟಿದರೆ, ಮನೆ ಮುಟ್ಟುವುದರೊಳಗೆ ಎದುರಿಗೆ ಸಿಕ್ಕವರು "ಕೂರೋಕೆ ಆಗುತ್ತಾ?" ಎಂದು ಕೇಳುತ್ತಿದ್ದರು. ಅತ್ತೆ ದಿನವಿಡೀ ಖಾಲಿ ಕೋಣೆಯಲ್ಲಿ ಪರದೆಯ ಧೂಳು ಒರೆಸುತ್ತಿದ್ದಳು.

ಆಮೇಲೆ ಅವಳಿಗೆ ಜ್ವರ ಬಂತು. ಎದ್ದವಳು ಕಿವಿಯ ಹಿಂದೆ ಅಂಗೈ ಹಿಡಿದು "ಆಂ? ಏನಂದ್ರಿ?" ಎನ್ನತೊಡಗಿದಳು. ಕಿವುಡಜ್ಜಿ ಎಂಬ ಹೆಸರು ಬಿತ್ತು. ಬೆಂಚು ತುಂಬತೊಡಗಿತು.

ಮನೆಯಲ್ಲಿ ಮಾತ್ರ ಕೂಗಿ ಕೂಗಿ ಸೊಸೆಯ ಗಂಟಲು ಒಡೆಯಿತು. ಸಿಟ್ಟು ಬಂದಾಗ ಅತ್ತೆಯ ಎದುರಿಗೇ ಗೊಣಗುತ್ತಿದ್ದಳು: "ಮುದುಕಿಗೆ ಉಪ್ಪು ಸಾಲಲ್ಲ, ಹುಳಿ ಸಾಲಲ್ಲ. ಆಯಸ್ಸು ಮಾತ್ರ ಬೇಕಾದಷ್ಟಿದೆ." ಅತ್ತೆ ನಗುತ್ತಿದ್ದಳು. ಮನೆಮಂದಿಯೆಲ್ಲ ತಮಾಷೆಗೆ ಬಿದ್ದು ಬಿದ್ದು ನಕ್ಕಾಗ ಮಾತ್ರ ಸುಮ್ಮನೆ ಎಲ್ಲರ ಮುಖ ನೋಡುತ್ತ ಕೂರುತ್ತಿದ್ದಳು.

ಒಂದು ಸಲ ಸೊಸೆಯೂ ಆ ಪರದೆಯ ಮುಂದೆ ಕೂತಿದ್ದಳು, ಬಸಿರು ಇಳಿದುಹೋದ ಮೇಲೆ. ಗಂಡನಿಗೂ ಹೇಳದ ಮಾತನ್ನು ಅಲ್ಲಿ ಹೇಳಿದ್ದಳು: "ಬೆಳಗಾದ್ರೆ ಏಳೋಕೇ ಮನಸ್ಸಿಲ್ಲ ಡಾಕ್ಟ್ರೇ. ಯಾಕೆ ಬದುಕ್ಬೇಕು ಅನ್ಸುತ್ತೆ." ಮಾರನೆಯ ದಿನದಿಂದ ಅವಳಿಗಿಂತ ಮೊದಲೇ ಎದ್ದು ಒಲೆ ಹಚ್ಚುತ್ತಿದ್ದವಳು ಅತ್ತೆ. ಹಾಸಿಗೆಯ ಪಕ್ಕಕ್ಕೇ ಬಿಸಿ ಹಾಲು ಬರುತ್ತಿತ್ತು.

"ವಯಸ್ಸಾಯ್ತು ಕಣೇ, ನಿದ್ದೆ ಬರಲ್ಲ," ಎನ್ನುತ್ತಿದ್ದಳು. ಸೊಸೆ ನಂಬಿದ್ದಳು.

* * *

ಗಂಡಸರು ಹೆಣ ಹೊತ್ತು ಹೊರಟರು. ಹೆಂಗಸರು ಅಂಗಳದಲ್ಲಿ ಉಳಿದರು. ಚಾಪೆ ಸುತ್ತಲು ಸೊಸೆ ಒಳಗೆ ಬಂದಾಗ ಡಾಕ್ಟರು ಇನ್ನೂ ಪರದೆಯ ಮೇಲಿದ್ದರು. ಕಣ್ಣು ಕೆಂಪಾಗಿತ್ತು.

"ಒಂದು ಮಾತು ಹೇಳ್ಬೇಕು. ಬಾಗಿಲು ಹಾಕ್ತೀರಾ?"

ಅವಳು ಬಾಗಿಲು ಹಾಕಿದಳು.

"ನಿಮ್ಮತ್ತೆಗೆ ಕಿವಿ ಕೇಳಿಸ್ತಿತ್ತು."

ಸೊಸೆ ಚಾಪೆ ಹಿಡಿದೇ ನಿಂತಳು. "ಏನಂದ್ರಿ?"

"ಹಾಲಿನವರು ಬಿದ್ದ ದಿನ ಅಲ್ಲಿ ನನ್ನ ಚಿತ್ರ ಹೋಗಿತ್ತು. ಸನ್ನೆ ಕಾಣೋ ಹಾಗಿರಲಿಲ್ಲ, ಬರೀ ದನಿ. ಒರಗಿಸಿ ಕೂರಿಸಿ, ಕೆಂಪು ಡಬ್ಬಿ ಮಾತ್ರೆ ನಾಲಿಗೆ ಕೆಳಗಿಡಿ ಅಂತ ಕೂಗಿದೆ. ಒಂದೊಂದನ್ನೂ ಹೇಳಿದ ಹಾಗೇ ಮಾಡಿದ್ರು. ಚಿತ್ರ ಬಂದಾಗ ನನ್ನ ನೋಡಿ ತುಟಿ ಮೇಲೆ ಬೆರಳಿಟ್ರು. ಅವತ್ತಿಂದ ನಾನೂ ಸುಮ್ಮನಿದ್ದೆ. ನಿಮಗೆ ಹೇಳ್ದೇ ಇರೋಕೆ ಮಾತ್ರ ಆಗ್ಲಿಲ್ಲ."

ಸೊಸೆ ಅತ್ತೆಯ ಸ್ಟೂಲಿನ ಮೇಲೆ ಕುಸಿದಳು. ಮೊದಲು ನೆನಪಾದದ್ದು ಗೊಣಗಾಟ, ಒಂದೊಂದು ಮಾತೂ. ಆಮೇಲೆ ಆ ಬಿಸಿ ಹಾಲು. ನಗು ಬಂದರೂ ನುಂಗಿಕೊಂಡು ಎಲ್ಲರ ಮುಖ ನೋಡುತ್ತಿದ್ದ ಆ ಕಣ್ಣುಗಳು. ಹೆಣದ ಮುಂದೆ ಬಾರದಿದ್ದ ಅಳು ಈಗ ಬಿಕ್ಕಿ ಬಿಕ್ಕಿ ಬಂತು.

ಕಣ್ಣೊರೆಸಿಕೊಂಡು ಅವಳು ಕಿಟಕಿಯಾಚೆ ನೋಡಿದಳು. ಗಾರೆ ಕೆಲಸದವನ ಹೆಂಡತಿ ಗೋಡೆ ಬಿಟ್ಟು ಕದಲಿರಲಿಲ್ಲ.

"ಹೊರಗೆ ಒಬ್ರು ಕಾಯ್ತಿದ್ದಾರೆ. ನೋಡ್ತೀರಾ ಡಾಕ್ಟ್ರೇ?"

"ಇವತ್ತು ನಿಮ್ಮ ಕೈಲಿ ಆಗುತ್ತಾ?"

"ಆಗುತ್ತೆ."

ಒಳಗೆ ಬಂದವಳು ಬಾಗಿಲಲ್ಲೇ ಹಿಂಜರಿದಳು. "ನೀವೂ... ಒಳಗೇ ಇರ್ತೀರಾ ಅಕ್ಕಾ?"

"ಬಿಲ್ಲೆ ಒತ್ತೋಕೆ ಒಬ್ರು ಬೇಕಲ್ಲಮ್ಮ." ಸೊಸೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು. ಬಹಳ ಹೊತ್ತಿನ ಮೇಲೆ ಆ ಹೆಂಗಸು ಬಾಯಿ ಬಿಟ್ಟಳು.

ಮಾತು ಮುಗಿದು ಬಾಗಿಲು ತೆರೆದಾಗ ಅಂಗಳದ ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ಆಕೆ ತಲೆ ತಗ್ಗಿಸಿ ಗೇಟಿನತ್ತ ನಡೆದಳು. ರೇಡಿಯೋ ತಡೆಯಲಾರದೆ ಎದ್ದು ಬಂದಳು.

"ಏನಂತೇ ಅವಳಿಗೆ? ಹೊಟ್ಟೆಯದೇ ಏನಾದ್ರೂನಾ?"

ಸೊಸೆ ಅವಳನ್ನೇ ನೋಡಿದಳು. ನಿಧಾನವಾಗಿ ಕೈಯೆತ್ತಿ, ಅಂಗೈಯನ್ನು ಕಿವಿಯ ಹಿಂದೆ ಹಿಡಿದಳು.

"ಆಂ? ಏನಂದ್ರಿ?"

"ಅವಳಿಗೆ ಏನಂತೆ ಅಂದೆ!"

"ಆಂ?"

ಯಾರೂ ನಗಲಿಲ್ಲ. ಗೇಟಿನ ಬಳಿ ಗಾರೆ ಕೆಲಸದವನ ಹೆಂಡತಿ ತಿರುಗಿ ನೋಡಿ, ತಲೆಯೆತ್ತಿ ನಡೆದುಹೋದಳು. ರೇಡಿಯೋ ಏನೋ ಗೊಣಗುತ್ತ ಹಿಂದೆ ಸರಿದಳು. ಅಂಗಳದ ಮೂಲೆಯಿಂದ ಟೈಲರಮ್ಮ ಎದ್ದಳು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬಂದು, ಬಾಗಿಲ ಪಕ್ಕದ ಖಾಲಿ ಬೆಂಚಿನ ಮೇಲೆ ಕೂತಳು.