ಇಳಿಯುವಾಗ ಅಳೆದ ದಾರಿ

ಹಿಮಶಿಖರಗಳ ಸೀಮೆಯ ರಾಷ್ಟ್ರೀಯ ಅರಣ್ಯದ ಬೆಟ್ಟದ ದಾರಿಯಲ್ಲಿ 'ತುದಿಗೆ ಎರಡು ಗಂಟೆ', 'ತುದಿಗೆ ಒಂದು ಗಂಟೆ' ಎಂಬ ಹಲಗೆಗಳನ್ನೆಲ್ಲ ಬರೆದವನು ಅಲ್ಲಿಯ ಕಾವಲುಗಾರನೇ. ಪ್ರವಾಸಿಗರು ಮೂವತ್ತು ವರ್ಷದಿಂದ ಏದುಸಿರು ಬಿಡುತ್ತ, ಬರೆದವನಿಗೆ ಹಿಡಿಶಾಪ ಹಾಕುತ್ತ ಹತ್ತುತ್ತಿದ್ದರು. ಅವನೋ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದ.

ಅಷ್ಟು ವರ್ಷ ಬುತ್ತಿ ಕಟ್ಟಿಕೊಟ್ಟ ಹೆಂಡತಿ ಮಾತ್ರ ಒಮ್ಮೆಯೂ ಬೆಟ್ಟ ಹತ್ತಿದವಳಲ್ಲ. ತಿಂಗಳ ಕೊನೆಗೆ ಅವನ ನಿವೃತ್ತಿ. ಆಮೇಲೆ ಬೇರೆ ಊರು.

"ಹೋಗೋಕೆ ಮುಂಚೆ ನನ್ನ ಸವತೀನ ಒಂದ್ಸಲ ನೋಡ್ಬೇಕು ರೀ," ಎಂದಳು ಬೆಟ್ಟದ ಕಡೆ ಕೈ ತೋರಿಸಿ.

ಹಲಗೆಯ ಲೆಕ್ಕ ನಂಬಿ ಮಧ್ಯಾಹ್ನ ಹೊರಟರು. ಅರ್ಧ ದಾರಿಗೇ ಅವಳ ಮಂಡಿ ಮುಷ್ಕರ ಹೂಡಿತು. ಕೊನೆಯ ಹಲಗೆ ತಲುಪಿದಾಗ ಮೂರೂಕಾಲು. ಮೂರರ ಮೇಲೆ ಅದನ್ನು ದಾಟುವಂತಿಲ್ಲ, ಕತ್ತಲಾಗುವುದರೊಳಗೆ ಕೆಳಗಿಳಿಯಬೇಕು. ಆ ನಿಯಮ ಹೇಳಿ ಅವನು ಮೇಲಧಿಕಾರಿಯ ಬೀಗರನ್ನೂ ವಾಪಸ್ ಕಳಿಸಿದ್ದ.

"ಬಾ, ಯಾರು ನೋಡ್ತಾರೆ?" ಎಂದ.

"ಊರಿಗೊಂದು ನ್ಯಾಯ, ನಂಗೊಂದು ನ್ಯಾಯನಾ? ಬೇಡ." ಕಲ್ಲಿನ ಮೇಲೆ ಕುಳಿತಳು. ಕಣ್ಣು ತುಂಬಿತ್ತು. "ಅಲ್ರೀ, ಯಾರ ಕಾಲಲ್ಲಿ ಅಳೆದ್ರಿ ಇದನ್ನ?"

ಅವನು ತಲೆ ಕೆರೆದುಕೊಂಡ. "ಹತ್ತೋವಾಗ ಹಲಗೆ, ಬಣ್ಣದ ಡಬ್ಬಿ ಹೊತ್ತಿದ್ದೆ, ಲೆಕ್ಕ ಸಿಗ್ಲಿಲ್ಲ. ಇಳಿಯೋವಾಗ ಗಡಿಯಾರ ನೋಡ್ದೆ."

"ಅದೂ ಓಡ್ಕೊಂಡು?"

"ಹೊಸ ಮದುವೆ ಕಣೇ. ಮನೇಲಿ ನೀನೊಬ್ಳೇ ಇದ್ದೆ."

ಕಣ್ಣೊರೆಸಿಕೊಳ್ಳುತ್ತಲೇ ಅವಳಿಗೆ ನಗು ಉಕ್ಕಿತು. "ಹಂಗಾದ್ರೆ ಜನ ಹಾಕಿದ ಶಾಪದಲ್ಲಿ ಅರ್ಧ ನಂಗೆ ಸೇರ್ಬೇಕು!"

ಮುಂದಿನ ಭಾನುವಾರ ಬೆಳಕು ಹರಿಯುವಾಗಲೇ ಹೊರಟರು. ಅವಳು ಮುಂದೆ, ಬಣ್ಣದ ಡಬ್ಬಿ ಹಿಡಿದು ಅವನು ಹಿಂದೆ. ಒಂದೊಂದು ಹಲಗೆಯಿಂದ ಮುಂದಿನದಕ್ಕೆ ಅವಳಿಗೆ ಹಿಡಿದ ಹೊತ್ತನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡ. ಇಳಿಯುವಾಗ ಎಲ್ಲವನ್ನೂ ತಿದ್ದುವುದೆಂದು ಮಾತಾಗಿತ್ತು. ಅವಳು ಕೂತಲ್ಲಿ ಕೂತ, ಎದ್ದಾಗ ಎದ್ದ. ಮಧ್ಯಾಹ್ನದ ಹೊತ್ತಿಗೆ ತುದಿ ಸಿಕ್ಕಿತು.

ಪ್ರವಾಸಿಗರೆಲ್ಲ ಎದುರಿನ ಹಿಮದ ಶಿಖರಗಳ ಫೋಟೊ ತೆಗೆಯುತ್ತಿದ್ದರು. ಅವಳೂ ನೋಡಿದಳು, ಚೆನ್ನಾಗಿಯೇ ಇದ್ದವು. ಆಮೇಲೆ ಕೆಳಗಿನ ಕಣಿವೆಯತ್ತ ಬಗ್ಗಿ ನೋಡಿ, "ರೀ, ಅದು ನಮ್ಮನೆ ತಗಡಲ್ವಾ?" ಎಂದಳು.

"ಹೂಂ. ನೀನು ಬಟ್ಟೆ ಒಣಗಹಾಕೋದೂ ಕಾಣುತ್ತೆ," ಎಂದ ಅವನು. "ನಾನು ದಿನಾ ಇಲ್ಲಿ ನಿಂತು ಅದನ್ನೇ ನೋಡ್ತಿದ್ದೆ."