ಹಸಿ ಹಲಗೆಯ ವೇದಿಕೆ

ತಮಟೆ ಕಾಯಿಸಲು ಹಾಕಿದ್ದ ಬೆಂಕಿಯ ಬಳಿ ಹೋಗುತ್ತಲೇ ತೂದಾಳ ಮೂಗಿಗೆ ವಾಸನೆ ಬಡಿಯಿತು. ಒಣ ಪುಳ್ಳೆಯದಲ್ಲ, ಹಸಿ ದೇವದಾರುವಿನದು. ಒಂದು ಚಕ್ಕೆ ಎತ್ತಿಕೊಂಡಳು. ಅಂಟು ಬೆರಳಿಗೆ ಮೆತ್ತಿತು. ತಿರುಗಿ ವೇದಿಕೆಯನ್ನು ನೋಡಿದಳು. ‘ದೇವದಾರು ಕಾಡು ಉಳಿಸಿ’ ಎಂದು ಬರೆದ ಬಟ್ಟೆ ಕಟ್ಟಿದ್ದ ಆ ವೇದಿಕೆಯ ಹಲಗೆಗಳೂ ಅದೇ ಮರದವು, ಇನ್ನೂ ಅಂಟು ಒಸರುತ್ತಿದ್ದವು.

"ಬಾಸ್ಸೂ, ಇದು ಚಿಲುಮೆ ಮೇಲಿನ ಮರ ಅಲ್ವೇನೋ?"

ಅವಳ ತಮ್ಮ ಬಾಸ್ಸು ಊರಿನ ಕುಣಿತದ ಮೇಳದ ಮುಖಂಡ. ತಮಟೆಯನ್ನು ಬೆಂಕಿಗೆ ಹಿಡಿದು ತಟ್ಟಿ ನೋಡುತ್ತಿದ್ದವನು ತಲೆ ಎತ್ತಲಿಲ್ಲ. "ಅಕ್ಕಾ, ಇವತ್ತೊಂದಿನ ಸುಮ್ನಿರು. ರಾಜಧಾನಿ ರಬಾತ್‌ನಿಂದ ದೊಡ್ಡೋರು ಬಂದವ್ರೆ."

"ನಿನ್ನ ಹೇಸರಗತ್ತೆಗಳೇ ಹೊತ್ಕೊಂಡ್ ಬಂದಿದ್ದು, ಅಲ್ವಾ?"

"ನಾನು ಹೊರದಿದ್ರೆ ಇನ್ನೊಬ್ಬ ಹೊರ್ತಾನೆ."

ಅದು ಸುಳ್ಳು. ಬಾಸ್ಸುವಿನ ಹೇಸರಗತ್ತೆಗಳಿಲ್ಲದೆ ಆ ಕೊರಕಲಿನಿಂದ ಒಂದು ದಿಮ್ಮಿಯೂ ಇಳಿಯುವಂತಿರಲಿಲ್ಲ. ಸುತ್ತಲಿನ ಗುಡ್ಡಗಳೆಲ್ಲ ಆಗಲೇ ಬೋಳಾಗಿದ್ದವು. ಉಳಿದಿದ್ದು ಚಿಲುಮೆಯ ನೆತ್ತಿಯ ಮೇಲಿನ ಆ ಮುದಿ ಮರಗಳಷ್ಟೇ. ಊರಿನ ಕುರಿಗೂ ಕೊಡಕ್ಕೂ ಅವುಗಳ ಬೇರಿನ ನೀರೇ ಗತಿ. ಬೆಳಿಗ್ಗೆ ತೂದಾ ನೀರಿಗೆ ಹೋದಾಗ ಪ್ರತಿ ಬೊಡ್ಡೆಗೂ ಕಡಿಯುವ ಗುರುತಿಗೆ ಕೆಂಪು ಬಣ್ಣ ಬಳಿದಿತ್ತು. ಹಬ್ಬ ಮುಗಿಯಲಿ ಎಂದು ಗರಗಸ ಕಾದು ಕೂತಿತ್ತು.

ಕಾಡು ಉಳಿಸುವ ಈ ಹಬ್ಬ ಮಾಡಿಸುತ್ತಿದ್ದವನು ಬೆನ್ನಾಸರ್, ಮರದ ಗುತ್ತಿಗೆದಾರ. ಇದೇ ಕುಲದವನು, ಬೆಳೆದದ್ದು ಪೇಟೆಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದು ಸುಮ್ಮನಿದ್ದಿದ್ದರೂ ಆಗಿತ್ತು. ಈ ಬೇಲಿ ಮೇಯ್ದ ಹೊಲಕ್ಕೆ ಹಾಡನ್ನೂ ಹಾಡಿಸುತ್ತಿತ್ತು.

ಮೇಳವನ್ನು ವೇದಿಕೆಗೆ ಕರೆದರು. ತೂದಾ ಮೆಟ್ಟಿಲ ಬುಡದಲ್ಲೇ ನಿಂತಳು. "ಆ ಮರದ ಹೆಣದ ಮೇಲೆ ನಾನು ಕುಣಿಯಲ್ಲ."

ಹೆಂಗಸರೆಲ್ಲ ಅವಳ ಪಕ್ಕ ನೆಲದ ಮೇಲೇ ಸಾಲುಗಟ್ಟಿದರು. ಅಹಿದೂಸ್ ಕುಣಿತಕ್ಕೆ ಗಂಡು ಹೆಣ್ಣು ಹೆಗಲಿಗೆ ಹೆಗಲು ಕೊಡಲೇಬೇಕು, ಹಾಗಾಗಿ ಗಂಡಸರೂ ಇಳಿದರು. ಕ್ಯಾಮೆರಾಗಳು ಅತ್ತ ತಿರುಗಿದ್ದನ್ನು ಕಂಡ ಬೆನ್ನಾಸರ್ ಹಲ್ಲು ಕಿರಿಯುತ್ತಾ ಬಂದು ತೂದಾಳ ಪಕ್ಕದಲ್ಲೇ ಹೆಗಲು ತೂರಿಸಿದ.

ಅಲ್ಲೇ ಅವನು ಎಡವಿದ್ದು. ಸಾಲಿನಲ್ಲಿ ಯಾರು ಹಾಡು ಎತ್ತಿದರೂ ಉಳಿದವರು ಅದನ್ನು ಹೇಳಬೇಕು. ಹೇಳಿದ್ದು ಆಣೆ. ಆಣೆ ಮುರಿದವನಿಗೆ ಮದುವೆಯಲ್ಲೂ ಯಾರೂ ಹೆಗಲು ಕೊಡುವುದಿಲ್ಲ, ಮಣ್ಣಿಗೂ ಕೊಡುವುದಿಲ್ಲ. ಪೇಟೆಯಲ್ಲಿ ಬೆಳೆದವನಿಗೆ ಅದು ಮರೆತೇಹೋಗಿತ್ತು.

ತೂದಾ ಗಂಟಲು ಹರಿಯುವಂತೆ ಎತ್ತಿದಳು:

"ದೇವದಾರು ತಾಯೇ, ನಿನ್ನ ಕಾಲಡಿಯೇ ನಮ್ಮ ನೀರು,
ಇನ್ನು ನಿನ್ನ ಕಡಿಯುವವನ, ಹೊರುವವನ ಹೆಗಲು ನಮಗೆ ಬೇಡ!"

ಬಾಸ್ಸುವಿನ ಕೈಯ ತಮಟೆ ನಿಂತುಬಿಟ್ಟಿತು. ತಮಟೆಯ ಪೆಟ್ಟು ಬೀಳದಿದ್ದರೆ ಹಾಡು ಅಲ್ಲೇ ಸತ್ತಂತೆ. ಸಾಲಿಗೆ ಸಾಲೇ ಬಾಸ್ಸುವನ್ನು ನೋಡಿತು.

"ಬೇರೆ ಹಾಡು ಎತ್ತೋ ಬಾಸ್ಸು," ಎಂದ ಬೆನ್ನಾಸರ್, ನಗು ಬಿಡದೆ.

ಬಾಸ್ಸು ಅಕ್ಕನ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬರೀ ಕೆಂಡ. ‘ನೀನು ನನ್ನ ಒಡಹುಟ್ಟಿದವನೋ, ಇವನ ಹೇಸರಗತ್ತೆಯೋ, ಇವತ್ತೇ ಹೇಳಿಬಿಡು’ ಎಂದು ಕೇಳುವ ಕಣ್ಣು. ಅವನು ತಮಟೆ ಬಾರಿಸಿದ. ಒಡೆದ ಗಂಟಲಿನಲ್ಲಿ ತಾನೇ ಮೊದಲು ಆ ಸಾಲುಗಳನ್ನು ಹೇಳಿದ. ಹಿಂದೆಯೇ ಇಡೀ ಸಾಲು ಗುಡುಗಿತು.

ಬೆನ್ನಾಸರ್ ಜಾರಿಕೊಳ್ಳಲು ನೋಡಿದ. ಎರಡೂ ಬದಿಯ ಹೆಗಲುಗಳು ಬಿಗಿದಿದ್ದವು. "ಬಿಡ್ರಯ್ಯಾ! ಬರೀ ಒಂದು ಹಾಡಿಗೆ ಯಾಕಿಷ್ಟು ರಂಪ?"

"ಹೌದು ಧಣಿ, ಬರೀ ಹಾಡು," ಎಂದ ಬಾಸ್ಸು, ಕೈ ನಿಲ್ಲಿಸದೆ. "ಹಂಗಾದ್ರೆ ನೀವೂ ಹೇಳಿ."

ಕ್ಯಾಮೆರಾಗಳ ಎದುರು ಬೆನ್ನಾಸರನ ನಗು ಹಾಗೇ ಇತ್ತು, ಹಾಡು ಮಾತ್ರ ಹೇಳಲಿಲ್ಲ. ಹೇಳದಿದ್ದರೂ, ಆಣೆಯಿಟ್ಟ ಬಾಸ್ಸುವಿನ ಹೇಸರಗತ್ತೆಗಳು ಇನ್ನು ಅವನ ದಿಮ್ಮಿ ಹೊರುವಂತಿರಲಿಲ್ಲ.

ತೂದಾಳ ಸಿಟ್ಟು ಇಳಿಯಲಿಲ್ಲ. ಹಲಗೆಯಾದ ಮರ ಹಾಡಿಗೆ ಚಿಗುರುವುದಿಲ್ಲ. ಅವಳು ಅದೇ ಹಾಡನ್ನು ಮತ್ತೆ ಎತ್ತಿದಳು, ಈ ಸಲ ಬೆನ್ನಾಸರನ ಕಿವಿಯ ಬಳಿಯೇ.